ಜಾಹೀರಾತಿನಲ್ಲಿ ಮಳೆ ಸುರಿಯಬಹುದು, ನಮ್ಮೂರಿನಲ್ಲಿ ಸುರಿಯಬಾರದೇ?

ನಮ್ಮ ಕಾಲೇಜಿನ ಹೆಚ್ಚಿನವರು ಬಸ್ಸಿಗೆ ಕಾಯುವ ನಿಲ್ದಾಣದ ಎದುರು ಒಂದು ದೊಡ್ಡ ಫಲಕವಿದೆ. ನೀವೂ ನೋಡಿರುತ್ತೀರಿ. ಜೋರು ಮಳೆಯಲ್ಲಿ ನಿಂತ ಹುಡುಗಿಯೊಬ್ಬಳು ನಗುತ್ತಾ ಫೋನಿನಲ್ಲಿ ಮಾತನಾಡುತ್ತಿದ್ದಾಳೆ. ಫೋನಿನ ಮೇಲೆ ನೀರಿನ ಹನಿಗಳು ಮುತ್ತಿನಂತೆ ಹಾರುತ್ತಿವೆ. ಪಕ್ಕದಲ್ಲಿ ಕನ್ನಡದ ದಪ್ಪ ಅಕ್ಷರಗಳಲ್ಲಿ, ಮಳೆಗೆ ಹೆದರಬೇಡಿ ಎಂಬ ಅರ್ಥದ ಒಂದು ಸಾಲು. ಅದರ ಕೊನೆಗೆ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಫಲಕದ ತಳದಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಇದೆ. ರಸ್ತೆಯ ಈಚೆ ಬದಿಯಿಂದ ಅದನ್ನು ಓದಬಲ್ಲವರು ನಮ್ಮ ತರಗತಿಯಲ್ಲಿ ಒಬ್ಬರೂ ಇಲ್ಲ. ನಾನು ಪರೀಕ್ಷಿಸಿ ನೋಡಿದ್ದೇನೆ.

ಆ ಫೋನನ್ನು ನಾವು ಕೊಂಡೆವು. ಈ ಬರಹ ಅದರ ಕಥೆಯೂ ಹೌದು, ಅದರಿಂದ ನನಗೆ ಬಂದ ಒಂದು ಅಭಿಪ್ರಾಯವೂ ಹೌದು.

ಉಮ್ಮ ಬೀಡಿ ಕಟ್ಟುತ್ತಾರೆ. ಬೀಡಿಯ ಮಜೂರಿಯಲ್ಲಿ ಉಳಿಸಿ ಹಾಕಿದ ಚೀಟಿಯ ಹಣ ಈ ಬೇಸಿಗೆಯಲ್ಲಿ ಕೈಗೆ ಬಂತು. "ಎರಡನೇ ಪಿಯುಸಿ, ಪಾಠದ ವಿಡಿಯೋ ನೋಡಲಿಕ್ಕೆ ಬೇಕಾಗ್ತದೆ" ಎಂದು ಫೋನು ತೆಗೆಸಿಕೊಡಲು ಹೊರಟರು. ರಜೆಯಲ್ಲಿ ಊರಿಗೆ ಬಂದಿದ್ದ ಮಾಮನೂ ಜೊತೆಗೆ ಬಂದರು. ಫಲಕದಲ್ಲಿ "ರೂ. 10,999ರಿಂದ" ಎಂದಿತ್ತು. ಅಂಗಡಿಯಲ್ಲಿ ಕೇಳಿದಾಗ, ಅದು ಹಳೆಯ ಫೋನು ಕೊಟ್ಟು, ಒಂದು ನಿರ್ದಿಷ್ಟ ಬ್ಯಾಂಕಿನ ಕಾರ್ಡಿನಲ್ಲಿ ಹಣ ಕಟ್ಟುವವರಿಗೆ ಮಾತ್ರ ಎಂದರು. ನಮ್ಮ ಬಳಿ ಎರಡೂ ಇರಲಿಲ್ಲ. ರೂ. 12,499 ಕೊಟ್ಟೆವು. ಅಂಗಡಿಯವರು ಮೊದಲು ಒಂದು ಎಸ್ಟಿಮೇಟ್ ಚೀಟಿ ಬರೆದು ಕೊಟ್ಟರು. ಮಾಮ ಅದನ್ನು ಹಿಂದಿರುಗಿಸಿ, "ಜಿಎಸ್‌ಟಿ ಬಿಲ್ ಕೊಡಿ, ಅದರಲ್ಲಿ ಐಎಂಇಐ ಸಂಖ್ಯೆ ಇರಲಿ" ಎಂದು ಪಟ್ಟು ಹಿಡಿದರು. ಮಾಮ ಸುಮ್ಮನೆ ಹಟ ಮಾಡುತ್ತಿದ್ದಾರೆ ಎಂದು ನನಗಾಗ ಮುಜುಗರವಾಗಿತ್ತು. ಆ ಬಿಲ್ ಇಲ್ಲದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಜೂನ್ ಬಂತು. ನಮ್ಮ ಕರಾವಳಿಯ ಜೂನ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಫೋನು ಕೊಂಡ 23ನೇ ದಿನ ಸಂಜೆ, ಅದೇ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತು, ಬಸ್ ತಡವಾಗಿದೆ ಎಂದು ಉಮ್ಮನಿಗೆ ಫೋನು ಮಾಡಿದೆ. ಗಾಳಿಗೆ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಫೋನಿನ ಮೇಲೆ ಹನಿ ಬಿದ್ದವು, ಒರೆಸಿಕೊಂಡೆ. ರಾತ್ರಿ ಪರದೆ ಮಿಣುಕಿತು. ಬೆಳಿಗ್ಗೆ ಫೋನು ಏಳಲೇ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಸಿಮ್ ಹಾಕುವ ತಟ್ಟೆಯನ್ನು ಹೊರಗೆಳೆದು, ಟಾರ್ಚ್ ಬಿಟ್ಟು ನೋಡಿದರು. ಒಳಗೆ ಒಂದು ಸಣ್ಣ ಬಿಳಿ ಪಟ್ಟಿ ಇರುತ್ತದಂತೆ. ನೀರು ತಾಗಿದರೆ ಕೆಂಪಾಗುತ್ತದೆ. ನನ್ನದು ಕೆಂಪಾಗಿತ್ತು. "ಲಿಕ್ವಿಡ್ ಡ್ಯಾಮೇಜ್. ವಾರಂಟಿಗೆ ಬರುವುದಿಲ್ಲ. ಬೋರ್ಡ್ ಬದಲಿಸಬೇಕು, ರೂ. 6,800 ಆಗ್ತದೆ" ಎಂದರು. ಜಾಹೀರಾತಿನ ಹುಡುಗಿ ಮಳೆಯಲ್ಲೇ ನಿಂತಿದ್ದಾಳಲ್ಲ ಎಂದೆ. "ಅದು ಜಾಹೀರಾತು" ಎಂದು ಉತ್ತರ ಬಂತು. ಮತ್ತೆ ವಾದಿಸಿದಾಗ, "ಬಿಲ್ ಇರುವುದು ತಾಯಿಯ ಹೆಸರಿನಲ್ಲಿ. ಮಾತನಾಡುವುದಿದ್ದರೆ ಅವರೇ ಬರಲಿ" ಎಂದರು.

ಮನೆಯಲ್ಲಿ ಉಮ್ಮ ಬೈಯಲಿಲ್ಲ. "ನಮ್ಮ ನಸೀಬು. ನೀನು ಸ್ವಲ್ಪ ಜಾಗ್ರತೆ ಮಾಡಬೇಕಿತ್ತು" ಎಂದಷ್ಟೇ ಹೇಳಿ ಮತ್ತೆ ಬೀಡಿಯ ಮೊರ ಎತ್ತಿಕೊಂಡರು. ಎರಡು ದಿನ ನಾನೂ ಹಾಗೆಯೇ ಅಂದುಕೊಂಡೆ. ತಪ್ಪು ನನ್ನದೇ ಎಂದು.

ಗೆಳೆಯರೇ, ನನ್ನ ಅಭಿಪ್ರಾಯ ಇಲ್ಲಿಂದ ಶುರುವಾಗುತ್ತದೆ. ಮೋಸದ ಜಾಹೀರಾತು ಗೆಲ್ಲುವುದು ಕೊಳ್ಳುವಾಗ ನಮ್ಮನ್ನು ಮರುಳು ಮಾಡುವುದರಿಂದ ಮಾತ್ರ ಅಲ್ಲ. ಕೈಕೊಟ್ಟ ಮೇಲೆ ನಾವು ನಮ್ಮನ್ನೇ ಬೈದುಕೊಂಡು ಸುಮ್ಮನಾಗುತ್ತೇವಲ್ಲ, ಅದರಿಂದ.

ಮೂರನೇ ದಿನ ನಮ್ಮ ವ್ಯವಹಾರ ಅಧ್ಯಯನದ ಉಪನ್ಯಾಸಕರಿಗೆ ವಿಷಯ ಹೇಳಿದೆ. ಅವರು, "ಪುಸ್ತಕದ ಕೊನೆಯ ಪಾಠ ಈಗಲೇ ಓದು" ಎಂದರು. ಗ್ರಾಹಕ ಸಂರಕ್ಷಣೆಯ ಪಾಠ. ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಅವಸರದಲ್ಲಿ ಮುಗಿಯುವ ಪಾಠವದು. ಆರು ಹಕ್ಕುಗಳನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ: ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಹೇಳುವುದು, ಪರಿಹಾರ, ಗ್ರಾಹಕ ಶಿಕ್ಷಣ. ಆ ಸಲ ನಾನು ಅದನ್ನು ನನ್ನ ಫೋನಿಗಾಗಿ ಓದಿದೆ. ಆಮೇಲೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೇ ತೆರೆದು ಕುಳಿತೆ.

ಈ ಕಾಯ್ದೆ 1986ರ ಹಳೆಯ ಕಾಯ್ದೆಯ ಬದಲಿಗೆ 2020ರ ಜುಲೈನಲ್ಲಿ ಜಾರಿಗೆ ಬಂತು. ಯಾವುದು ದಾರಿತಪ್ಪಿಸುವ ಜಾಹೀರಾತು ಎಂಬುದನ್ನು ಅದು ಹೇಳುತ್ತದೆ. ವಸ್ತುವನ್ನು ಸುಳ್ಳಾಗಿ ಬಣ್ಣಿಸುವುದು, ಸುಳ್ಳು ಭರವಸೆ ಕೊಡುವುದು ಮಾತ್ರವಲ್ಲ, ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರಲ್ಲಿ ಸೇರುತ್ತದೆ. ಬಾಯಿಬಿಟ್ಟು ಹೇಳದೆ ಚಿತ್ರದ ಮೂಲಕ ಸೂಚಿಸಿದರೂ ಅದು ಹೇಳಿದ ಹಾಗೆಯೇ. ಇಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೂ, ಅದರಲ್ಲಿ ಕಾಣಿಸಿಕೊಂಡು ಶಿಫಾರಸು ಮಾಡುವ ತಾರೆಯರಿಗೂ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

2022ರ ಜೂನ್‌ನಲ್ಲಿ ಇದೇ ಪ್ರಾಧಿಕಾರ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ನಕ್ಷತ್ರದ ಗುರುತಿನ ಕೆಳಗಿನ ಸಣ್ಣಕ್ಷರಗಳ ಬಗ್ಗೆ ಅದರಲ್ಲಿ ಸ್ಪಷ್ಟವಾಗಿದೆ. ದೊಡ್ಡಕ್ಷರದ ಸುಳ್ಳನ್ನು ಸಣ್ಣಕ್ಷರದಿಂದ ತಿದ್ದುವ ಹಾಗಿಲ್ಲ. ಷರತ್ತನ್ನು ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಹಾಕಬೇಕು. ನಮ್ಮ ನಿಲ್ದಾಣದ ಫಲಕವನ್ನು ನೆನಪಿಸಿಕೊಳ್ಳಿ. ಭರವಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. ಆಸೆ ಹುಟ್ಟಿಸಲು ಉಮ್ಮನ ಭಾಷೆ ಬೇಕು, ಕೈ ತೊಳೆದುಕೊಳ್ಳಲು ಉಮ್ಮನಿಗೆ ಗೊತ್ತಿಲ್ಲದ ಭಾಷೆ ಬೇಕು.

ಅಷ್ಟಕ್ಕೂ ಫೋನಿಗೆ ನೀರು ತಡೆಯುವ ಗುಣವೆಂದರೆ ಏನು? ಪೆಟ್ಟಿಗೆಯ ಮೇಲೆ ಐಪಿ 54, ಐಪಿ 67, ಐಪಿ 68 ಎಂದೆಲ್ಲ ಬರೆದಿರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೇ ಅಂಕಿ 4 ಆದರೆ ಸಿಡಿಯುವ ಹನಿಗಳನ್ನು ತಡೆಯುತ್ತದೆ, 7 ಆದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಾಳುತ್ತದೆ ಎಂದರ್ಥ. ಆದರೆ ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಉಪ್ಪುನೀರಿಗೆ, ಸಾಬೂನು ನೀರಿಗೆ, ಒಮ್ಮೆ ಕೈಜಾರಿ ಬಿದ್ದ ಫೋನಿಗೆ ಅದು ಅನ್ವಯಿಸುವುದಿಲ್ಲ. ನನ್ನ ಫೋನಿನ ಪೆಟ್ಟಿಗೆಯ ಮೇಲೆ ಐಪಿ 54 ಎಂದಿತ್ತು. ಅಂದರೆ ಹನಿ ಬಿದ್ದರೆ ತಡೆಯಬೇಕಿತ್ತು. ನಾನು ಅದನ್ನು ನೇತ್ರಾವತಿಯಲ್ಲಿ ಮುಳುಗಿಸಿರಲಿಲ್ಲ.

ನನ್ನ ದೂರು ಹೊಸದಲ್ಲ ಎಂಬುದು ಆಮೇಲೆ ತಿಳಿಯಿತು. ಆಸ್ಟ್ರೇಲಿಯಾದಲ್ಲಿ ಸ್ಯಾಮ್‌ಸಂಗ್ ತನ್ನ ಕೆಲವು ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸಬಹುದು ಎಂಬಂತೆ ಜಾಹೀರಾತು ಮಾಡಿತ್ತು. ಒದ್ದೆಯಾದ ಫೋನನ್ನು ಚಾರ್ಜಿಗೆ ಹಾಕಿದರೆ ಅದರ ಚಾರ್ಜಿಂಗ್ ರಂಧ್ರ ತುಕ್ಕು ಹಿಡಿಯುವ ಅಪಾಯವಿತ್ತು. 2022ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಇಟಲಿಯಲ್ಲಿ 2020ರಲ್ಲಿ ಆಪಲ್ ಕಂಪನಿಗೆ ಒಂದು ಕೋಟಿ ಯೂರೋ ದಂಡ ಬಿತ್ತು. ಅಲ್ಲಿನ ಪ್ರಾಧಿಕಾರ ತಪ್ಪೆಂದು ಹಿಡಿದದ್ದು ಎರಡು ಸಂಗತಿಗಳನ್ನು. ಒಂದು, ನೀರು ತಡೆಯುವುದು ಪ್ರಯೋಗಾಲಯದ ಸ್ಥಿತಿಯಲ್ಲಿ ಮಾತ್ರ ಎಂದು ಜಾಹೀರಾತಿನಲ್ಲಿ ಸ್ಪಷ್ಟಪಡಿಸದಿದ್ದದ್ದು. ಎರಡು, ನೀರು ತಡೆಯುತ್ತದೆ ಎಂದು ಮಾರಿ, ನೀರಿನಿಂದ ಹಾಳಾದರೆ ವಾರಂಟಿ ಇಲ್ಲ ಎಂದದ್ದು. ಇದನ್ನು ಓದಿದಾಗ ನನ್ನ ಎದೆಯ ಭಾರ ಅರ್ಧ ಇಳಿಯಿತು. ನಾನು ಬಸ್ ನಿಲ್ದಾಣದಲ್ಲಿ ಕೇಳಿದ ಪ್ರಶ್ನೆ ದಡ್ಡ ಪ್ರಶ್ನೆಯಾಗಿರಲಿಲ್ಲ.

ನೀರಿನದ್ದು ಒಂದು ಉದಾಹರಣೆ ಮಾತ್ರ. "16 ಜಿಬಿ ರ‍್ಯಾಮ್" ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಸಣ್ಣದಾಗಿ "8+8" ಎಂದಿದ್ದರೆ, ಎರಡನೇ ಎಂಟು ನಿಜವಾದ ರ‍್ಯಾಮ್ ಅಲ್ಲ. ಅದು ಫೋಟೋ, ವಿಡಿಯೋ ಇಡುವ ಜಾಗದಿಂದ ಕಡ ತೆಗೆದದ್ದು, ನಿಜವಾದ ರ‍್ಯಾಮಿಗಿಂತ ನಿಧಾನ. "50 ಮೆಗಾಪಿಕ್ಸೆಲ್" ಕ್ಯಾಮೆರಾಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತವೆ. ಜಾಹೀರಾತಿನ ಚಿತ್ರವನ್ನು ಆ ಫೋನಿನಲ್ಲೇ ತೆಗೆದಿರುತ್ತಾರೆ ಎಂಬ ಖಾತ್ರಿಯೂ ಇಲ್ಲ. 2012ರಲ್ಲಿ ನೋಕಿಯಾ ತನ್ನ ಲೂಮಿಯಾ 920 ಫೋನಿನ ವಿಡಿಯೋ ಅಲುಗಾಡುವುದಿಲ್ಲ ಎಂದು ತೋರಿಸಲು ಸೈಕಲ್ ಸವಾರಿಯ ದೃಶ್ಯ ಬಿಡುಗಡೆ ಮಾಡಿತು. ದಾರಿಬದಿಯ ಕಿಟಕಿ ಗಾಜಿನಲ್ಲಿ ಪ್ರತಿಬಿಂಬ ನೋಡಿದರೆ, ವ್ಯಾನಿನಲ್ಲಿದ್ದವನೊಬ್ಬ ದೊಡ್ಡ ಕ್ಯಾಮೆರಾ ಹಿಡಿದು ಚಿತ್ರೀಕರಿಸುತ್ತಿದ್ದ! ಕಂಪನಿ ಕ್ಷಮೆ ಕೇಳಬೇಕಾಯಿತು.

"ಬಡ್ಡಿಯಿಲ್ಲದ ಕಂತು" ಎಂಬುದನ್ನೂ ಕಣ್ಣು ತೆರೆದು ನೋಡಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಗ್ರಾಹಕರಿಂದ ಪಡೆಯಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಸಂಸ್ಕರಣಾ ಶುಲ್ಕ, ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಕೈತಪ್ಪುವುದು, ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರೆ ನಿಜವಾದ ಬೆಲೆ ಕಾಣುತ್ತದೆ. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ನಮ್ಮ ಎಷ್ಟೋ ಮನೆಗಳವರು ಈ ಹೆಸರನ್ನು ನಂಬಿ ಸಹಿ ಹಾಕುತ್ತಾರೆ ಎಂಬುದು ಇನ್ನಷ್ಟು ಬೇಸರದ ಮಾತು.

"ಆಸೆಬುರುಕತನ ನಿಮ್ಮದು, ಜಾಹೀರಾತನ್ನು ಏಕೆ ದೂರುತ್ತೀರಿ?" ಎಂದು ಕೆಲವರು ಕೇಳಬಹುದು. ಇದರಲ್ಲಿ ಸ್ವಲ್ಪ ನಿಜವಿದೆ. 2016ರ ಫೆಬ್ರವರಿಯಲ್ಲಿ ಫ್ರೀಡಂ 251 ಎಂಬ ಸ್ಮಾರ್ಟ್‌ಫೋನನ್ನು ಕೇವಲ 251 ರೂಪಾಯಿಗೆ ಕೊಡುವುದಾಗಿ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಬಂದಾಗ, ಕಂಪನಿಯ ಜಾಲತಾಣ ಜನರ ನೂಕುನುಗ್ಗಲಿಗೆ ಕುಸಿದುಬಿತ್ತು. ಪ್ರದರ್ಶನಕ್ಕಿಟ್ಟ ಫೋನಿನಲ್ಲಿ ಇನ್ನೊಂದು ಕಂಪನಿಯ ಹೆಸರನ್ನು ಬಿಳಿ ಬಣ್ಣದಿಂದ ಮುಚ್ಚಿದ್ದು ಪತ್ರಕರ್ತರ ಕಣ್ಣಿಗೆ ಬಿತ್ತು. ಮರುವರ್ಷ ಕಂಪನಿಯ ಮುಖ್ಯಸ್ಥನ ಬಂಧನವಾಯಿತು. ಒಂದು ಸಾಧಾರಣ ಊಟದ ಖರ್ಚಿನಲ್ಲಿ ಸ್ಮಾರ್ಟ್‌ಫೋನು ಹೇಗೆ ಬರುತ್ತದೆ ಎಂದು ನಾವು ಕೇಳಿಕೊಳ್ಳಬೇಕಿತ್ತು, ಒಪ್ಪುತ್ತೇನೆ. ನನ್ನ ವಿಷಯದಲ್ಲೂ, ವಾರಂಟಿ ಕಾರ್ಡನ್ನು ಕೊಳ್ಳುವ ಮೊದಲು ಓದಲಿಲ್ಲ ಎಂಬುದು ನನ್ನ ತಪ್ಪೇ.

ಆದರೆ ಎರಡೂ ತಪ್ಪು ಒಂದೇ ತೂಕದ್ದಲ್ಲ. ಒಂದು ಕಡೆ ಜಾಹೀರಾತು ತಜ್ಞರು, ವಕೀಲರು, ಕೋಟಿಗಟ್ಟಲೆ ಹಣ ಇರುವ ಕಂಪನಿ. ಇನ್ನೊಂದು ಕಡೆ ಬೀಡಿ ಕಟ್ಟಿ ಹಣ ಉಳಿಸಿದ ತಾಯಿ. ಗೊತ್ತಿದ್ದವನು ಮುಚ್ಚಿಟ್ಟದ್ದು ದೊಡ್ಡ ತಪ್ಪೋ, ಗೊತ್ತಿಲ್ಲದವಳು ನಂಬಿದ್ದು ದೊಡ್ಡ ತಪ್ಪೋ? ನಾವೆಲ್ಲ ಮದ್ರಸದಲ್ಲಿ ಕೇಳಿದ ಘಟನೆ ನೆನಪಿಗೆ ಬರುತ್ತದೆ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಕೊಳ್ಳುವವನು ಏಕೆ ಕೈ ಹಾಕಿ ನೋಡಲಿಲ್ಲ ಎಂದು ಅವರು ಕೇಳಲಿಲ್ಲ. ನಮ್ಮ ಕಾಯ್ದೆ ಹೇಳುವುದೂ ಇದನ್ನೇ.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ಕಾಲೇಜಿನಲ್ಲಿ ಕಲಿತ ಎಷ್ಟೋ ಅಣ್ಣಂದಿರು ಇಂದು ಮೊಬೈಲ್ ಅಂಗಡಿಗಳಲ್ಲಿದ್ದಾರೆ, ಕೆಲವರದು ಸ್ವಂತ ಅಂಗಡಿ. ಜಾಹೀರಾತು ಮಾಡಿದ್ದು ಅವರಲ್ಲ. ಆದರೆ "ಇದಕ್ಕೆ ನೀರು ತಾಗಿದರೆ ವಾರಂಟಿ ಇಲ್ಲ" ಎಂಬ ಒಂದು ಮಾತನ್ನು ಹಣ ಎಣಿಸುವ ಮೊದಲು ಹೇಳುವುದು ಅವರ ಕೈಯಲ್ಲಿದೆ. ನಾಳೆ ನಮ್ಮಲ್ಲೇ ಹಲವರು ಆ ಕೌಂಟರಿನ ಹಿಂದೆ ನಿಲ್ಲುವವರು.

ಇನ್ನು ನನ್ನ ಫೋನಿನ ವಿಷಯಕ್ಕೆ ಬರುತ್ತೇನೆ. ಕಾಯ್ದೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಗ್ರಾಹಕ ಎಂಬ ಪದದ ಅರ್ಥ. ಹಣ ಕೊಟ್ಟವರು ಮಾತ್ರವಲ್ಲ, ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಬಿಲ್ ಉಮ್ಮನ ಹೆಸರಿನಲ್ಲಿದ್ದರೂ ನಾನು ಗ್ರಾಹಕ ಸ್ಥಾನದಲ್ಲೇ ಇದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದೆ. ಬಿಲ್ಲು, ವಾರಂಟಿ ಕಾರ್ಡು, ಸರ್ವಿಸ್ ಸೆಂಟರಿನ ಚೀಟಿ, ಬಸ್ಸಿಗೆ ಕಾಯುತ್ತಾ ಉಮ್ಮನ ಫೋನಿನಲ್ಲಿ ತೆಗೆದ ಫಲಕದ ಫೋಟೋ, ಇಷ್ಟನ್ನು ಕಳುಹಿಸಿದೆ. 16 ದಿನಗಳ ನಂತರ ಕಂಪನಿಯಿಂದ ಸಂದೇಶ ಬಂತು. "ವಿಶೇಷ ಪ್ರಕರಣವೆಂದು ಪರಿಗಣಿಸಿ" ಬೋರ್ಡನ್ನು ಉಚಿತವಾಗಿ ಬದಲಿಸಿ ಕೊಡುತ್ತೇವೆ ಎಂದಿದ್ದರು. ಕೊಟ್ಟರು ಕೂಡ. ಉಮ್ಮ ಫೋನನ್ನು ಎರಡು ಸಲ ತಿರುಗಿಸಿ ನೋಡಿ, "ಕೇಳಿದರೆ ಕೊಡ್ತಾರಾ?" ಎಂದು ಆಶ್ಚರ್ಯಪಟ್ಟರು.

ನೀವೂ ಫೋನು ಕೊಳ್ಳುವವರಿದ್ದರೆ, ನಾನು ಕಲಿತದ್ದು ಇಷ್ಟು:

1. ಜಾಹೀರಾತಿನ ಫೋಟೋ ಅಥವಾ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆನ್‌ಲೈನ್ ಜಾಹೀರಾತು ನಾಳೆ ಮಾಯವಾಗಬಹುದು.

2. ಬಿಲ್ ಕೇಳಿ ಪಡೆಯಿರಿ, ಎಸ್ಟಿಮೇಟ್ ಚೀಟಿ ಬಿಲ್ ಅಲ್ಲ. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. "ಮಾರಿದ ಮಾಲು ವಾಪಸಿಲ್ಲ" ಎಂಬ ಬೋರ್ಡಿಗೂ ಹೆದರಬೇಡಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂತೆಗೆದುಕೊಳ್ಳಲು ನಿರಾಕರಿಸುವುದೂ ಅನುಚಿತ ಪದ್ಧತಿಯೇ.

3. ಫೋನಿನಲ್ಲಿ *#06# ಒತ್ತಿ, ಬರುವ ಐಎಂಇಐ ಸಂಖ್ಯೆ ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿರುವುದೇ ಎಂದು ನೋಡಿ. ಹಳೆಯ ಫೋನು ಕೊಳ್ಳುವುದಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಆ ಸಂಖ್ಯೆಯನ್ನು ಪರಿಶೀಲಿಸಿ. ಕದ್ದ ಫೋನು ನಿಮ್ಮ ತಲೆಗೆ ಬರಬಾರದು.

4. ವಾರಂಟಿ ಕಾರ್ಡಿನಲ್ಲಿ ಏನು ಸೇರಿಲ್ಲ ಎಂಬ ಭಾಗವನ್ನು ಮೊದಲು ಓದಿ. ಓದಲಾಗದಿದ್ದರೆ ಅಂಗಡಿಯವರಿಂದಲೇ ಓದಿಸಿ.

5. ಸಹಾಯವಾಣಿಯಿಂದ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಘಟನೆಯಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು.

ನನ್ನ ಫೋನು ಸರಿಯಾಯಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. "ವಿಶೇಷ ಪ್ರಕರಣ" ಎಂಬ ಮಾತು ಕೊರೆಯುತ್ತಿದೆ. ಕೇಳಿದ ನನಗೆ ದಯೆ ತೋರಿದಂತೆ ಕೊಟ್ಟು, ಕೇಳದ ಉಳಿದವರಿಂದ ಹಣ ವಸೂಲಿ ಮಾಡುವುದು ಪರಿಹಾರವಲ್ಲ. ಆ ಫಲಕ ಇವತ್ತೂ ಅಲ್ಲೇ ಇದೆ. ಹುಡುಗಿ ಇನ್ನೂ ಮಳೆಯಲ್ಲಿ ನಗುತ್ತಿದ್ದಾಳೆ. ಮೊನ್ನೆ ಪ್ರಥಮ ಪಿಯುಸಿಯ ಒಬ್ಬ ತಮ್ಮ ಅದನ್ನು ತೋರಿಸಿ, "ಹಬ್ಬಕ್ಕೆ ಅದೇ ಫೋನು ತೆಗೆಯೋದು" ಎಂದ.

ಇದಕ್ಕೂ ಕಾಯ್ದೆಯಲ್ಲಿ ದಾರಿಯಿದೆ. ಒಬ್ಬರಿಗಲ್ಲ, ಗ್ರಾಹಕರೆಲ್ಲರಿಗೂ ಹಾನಿ ಮಾಡುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಅಥವಾ ಕೇಂದ್ರ ಪ್ರಾಧಿಕಾರಕ್ಕೆ ಲಿಖಿತವಾಗಿ ದೂರು ಕೊಡಬಹುದು. ನಮ್ಮ ತರಗತಿಯ ಕೆಲವರು ಸೇರಿ ಜಿಲ್ಲಾಧಿಕಾರಿಗಳಿಗೆ ಒಂದು ಪತ್ರ ಬರೆದಿದ್ದೇವೆ. ಫಲಕದ ಫೋಟೋ, ವಾರಂಟಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇವೆ. ಪತ್ರ ಈಗ ಗ್ರಂಥಾಲಯದ ಮೇಜಿನ ಮೇಲಿದೆ. ಉಪನ್ಯಾಸಕರೂ ವಿದ್ಯಾರ್ಥಿಗಳೂ ಓದಿ, ಸರಿ ಎನಿಸಿದರೆ ಸಹಿ ಹಾಕಬೇಕೆಂದು ವಿನಂತಿ. ಜೊತೆಗೆ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ: ಕಾಲೇಜಿನಲ್ಲಿ ಒಂದು ಗ್ರಾಹಕ ಕ್ಲಬ್ ಶುರುವಾಗಲಿ. ಮನೆಯವರ ಬಿಲ್ಲು, ವಾರಂಟಿ ಓದಿ ಹೇಳಲು, 1915ಕ್ಕೆ ಕರೆ ಮಾಡಿಸಲು ವಾರಕ್ಕೊಂದು ಗಂಟೆ ಸಾಕು. ಕೊನೆಯ ಪಾಠವನ್ನು ಪರೀಕ್ಷೆಗೆ ಮೊದಲೇ ಓದಿದ ಹಾಗೂ ಆಗುತ್ತದೆ.

ಪತ್ರಕ್ಕೆ ಮೊದಲ ಸಹಿ ಉಮ್ಮನದು. ಬಿಲ್ ಇರುವುದು ಅವರ ಹೆಸರಿನಲ್ಲಿ ತಾನೇ?